ಟೊಂಕದ ನೋವು, ಕೊಡದ ನೀರು

(ಸವಡಿ ಗ್ರಾಮದಲ್ಲಿ ಶ್ರಾವಣ ಮಾಸದ ಪ್ರವಚನಮಾಲೆಯಲ್ಲಿ ಹೇಳಿದುದು)



ನಿನ್ನೆ ಪ್ರವಚನ ಮುಗಿದ ಮೇಲೆ ನಾವು ಒಂದು ನೋಟವನ್ನು ಕಂಡೆವು. ಮಂಗಳಾರತಿಯಾಯಿತು, ಎಲ್ಲರೂ ಏಳಬೇಕು. ಮಕ್ಕಳು ಚೆಂಡು ಪುಟಿದಂತೆ ಎದ್ದರು. ಉಳಿದವರು ಹೇಗೆ ಎದ್ದರು? ಒಬ್ಬರು ಕಂಬ ಹಿಡಿದು ಎದ್ದರು. ಇನ್ನೊಬ್ಬರು ಪಕ್ಕದವರ ಹೆಗಲು ಹಿಡಿದು ಎದ್ದರು. ಒಬ್ಬ ತಾಯಿ ಮೊದಲು ಮೊಣಕಾಲೂರಿ, ಆಮೇಲೆ ನೆಲಕ್ಕೆ ಕೈಯೂರಿ, ಯವ್ವಾ ಎಂದು ಒಂದು ಉಸಿರು ಬಿಟ್ಟು ಎದ್ದಳು. ಎಪ್ಪತ್ತು ವರ್ಷದವರಾಗಿದ್ದರೆ ನಾವು ಅದನ್ನು ಗಮನಿಸುತ್ತಿರಲಿಲ್ಲ. ಆ ತಾಯಿಗೆ ನಲವತ್ತು ದಾಟಿರಲಿಕ್ಕಿಲ್ಲ. ಕರೆದು ಕೇಳಿದೆವು: "ಏನಾಗೇತವ್ವಾ?" "ಟೊಂಕ ಹಿಡದೈತ್ರಿ ಅಜ್ಜಾರ. ಮೊಣಕಾಲೂ ನೋಯತಾವ್ರಿ." "ಯಾತಕ್ಕ?" "ಯಾತಕ್ಕಂತ ಯಾರಿಗೂ ಗೊತ್ತಿಲ್ರಿ. ಎಲ್ಲಾ ತೋರಿಸಿದ್ವಿ, ಏನೂ ಇಲ್ಲ ಅಂತಾರ್ರಿ."

ಯಾತಕ್ಕೆಂದು ಗೊತ್ತಿಲ್ಲ, ಆದರೆ ನೋಯುತ್ತದೆ. ಇಂದು ಇದನ್ನೇ ವಿಚಾರಮಾಡೋಣ. ಆತ್ಮದ ವಿಚಾರ ಹೇಳಬೇಕಾದ ಸ್ವಾಮಿಗಳು ಟೊಂಕದ ವಿಚಾರ ಏಕೆ ಹೇಳುತ್ತಾರೆ ಎಂದು ಯಾರಾದರೂ ಕೇಳಬಹುದು. ಟೊಂಕ ನೆಟ್ಟಗಿದ್ದರಲ್ಲವೇ ಲಿಂಗಪೂಜೆಗೆ ಕೂಡ್ರುವುದು? ಕೈಕಾಲು ಆಡಿದರಲ್ಲವೇ ಕಾಯಕ? ಕಾಯವೇ ಕೈಕೊಟ್ಟರೆ ಕಾಯಕ ಎಲ್ಲಿಂದ ಬರಬೇಕು? ಆದ್ದರಿಂದ ಇದು ನಮ್ಮ ವಿಷಯವೇ ಆಗಿದೆ.

ಸಂಸ್ಕೃತದಲ್ಲಿ ನೋವಿಗೆ ವೇದನೆ ಎಂಬ ಹೆಸರುಂಟು. ಅದು ವಿದ್ ಎಂಬ ಧಾತುವಿನಿಂದ ಬಂದುದು. ವಿದ್ ಎಂದರೆ ತಿಳಿ. ವೇದ ಎಂಬ ಶಬ್ದವೂ ಆ ಧಾತುವಿನದೇ, ವಿದ್ಯೆ ಎಂಬುದೂ ಅದರದೇ. ಹಾಗಾದರೆ ವೇದನೆ ಎಂದರೇನು? ತಿಳಿಸಿಕೊಡುವಂಥದು. ದೇಹಕ್ಕೆ ನಾಲಗೆಯಿಲ್ಲ, ಅದು ನೋವಿನ ಮೂಲಕ ಮಾತನಾಡುತ್ತದೆ. ಮನೆಯ ಹಸು ಒದರಿದರೆ ನಾವು ಏನು ಮಾಡುತ್ತೇವೆ? ನೀರು ಬೇಕೇ, ಮೇವು ಬೇಕೇ, ಕಣ್ಣಿ ಬಿಗಿದಿದೆಯೇ ಎಂದು ಹೋಗಿ ನೋಡುತ್ತೇವೆ. ಸುಮ್ಮನೆ ಒದರುತ್ತದೆ ಎಂದು ಯಾವ ಒಕ್ಕಲಿಗನೂ ಬಿಡುವುದಿಲ್ಲ. ಆದರೆ ಮನೆಯ ಮನುಷ್ಯರು ನೋವು ಎಂದಾಗ ನಾವು ಹಾಗೆ ನೋಡುವುದಿಲ್ಲ. ನಮ್ಮಲ್ಲಿ ಮೂರು ಸಿದ್ಧ ಉತ್ತರಗಳಿವೆ. ಒಂದು, ವಾಯು ಹಿಡಿದಿದೆ. ಎರಡು, ಪ್ರಾರಬ್ಧ. ಮೂರನೆಯದನ್ನು ಸೊಸೆಯಂದಿರಿಗೆ ಮಾತ್ರ ಮೀಸಲಾಗಿ ಇಟ್ಟಿದ್ದೇವೆ: ಕೆಲಸಗಳ್ಳತನ. ಈ ಮೂರೂ ವಿಚಾರವನ್ನು ಮುಚ್ಚಿಬಿಡುವ ಉತ್ತರಗಳು. ವಿಚಾರವನ್ನು ತೆರೆಯುವ ಉತ್ತರ ಇವುಗಳಲ್ಲಿ ಒಂದೂ ಇಲ್ಲ.

ಈ ತಪ್ಪು ನಿಮ್ಮದು ಮಾತ್ರ ಎಂದು ನಾವು ಹೇಳುತ್ತಿಲ್ಲ. ನಾವೂ ಮಾಡಿದ್ದೇವೆ. ಇಂದು ಅದನ್ನು ನಿಮ್ಮ ಮುಂದೆ ಹೇಳಿಬಿಡುತ್ತೇವೆ.

ಕೆಲವು ವರ್ಷಗಳ ಹಿಂದೆ ಮಠಕ್ಕೆ ಅತ್ತೆ ಸೊಸೆ ಇಬ್ಬರು ಬಂದರು. ಮಠದ ಓಣಿಯವರೇ. ಸೊಸೆ ಧಾರವಾಡದ ಪಡುವಣ ಕಡೆಯವಳು, ಕೆರೆಯ ನೀರು ಕುಡಿದು ಬೆಳೆದವಳು. ಲಗ್ನವಾಗಿ ಹನ್ನೆರಡು ವರ್ಷ, ಮೂರು ಮಕ್ಕಳು. ಬಂದ ನಾಲ್ಕೈದು ವರ್ಷಗಳ ಮೇಲೆ ಟೊಂಕ ನೋವು ಸುರುವಾಗಿತ್ತು. ಆಮೇಲೆ ಕುತ್ತಿಗೆ, ಆಮೇಲೆ ಮೊಣಕಾಲು. ಮುಂಜಾನೆ ಎದ್ದಾಗ ಮೈಯೆಲ್ಲ ಹಗ್ಗದಿಂದ ಬಿಗಿದಂತೆ ಇರುತ್ತಿತ್ತು. ಫೋಟೋ ತೆಗೆಸಿದರು, ರಕ್ತ ನೋಡಿಸಿದರು, ಏನೂ ಕಾಣಲಿಲ್ಲ. ಅತ್ತೆ ನಮ್ಮ ಮುಂದೆ ದೂರು ಹೇಳಿದಳು: "ಕಳೆ ತಗಿಯೂ ಮುಂದ ಬ್ಯಾನಿ, ನೀರ ತರೂ ಮುಂದ ಬ್ಯಾನಿ, ತವರಮನಿಗೆ ಹೋಗೂ ಮುಂದ ಯಾ ಬ್ಯಾನಿನೂ ಇಲ್ರಿ ಅಜ್ಜಾರ. ನೀವಽ ಬುದ್ಧಿ ಹೇಳ್ರಿ." ಸೊಸೆ ತಲೆ ತಗ್ಗಿಸಿ ನಿಂತಿದ್ದಳು. ನಾವು ಏನು ಹೇಳಬೇಕಾಗಿತ್ತು? ಏನು ಹೇಳಿದೆವು? "ತಾಳಿಕೋ ತಾಯಿ, ಪ್ರಾರಬ್ಧ ಉಂಡೇ ತೀರಬೇಕು" ಎಂದು ಹೇಳಿ ವಿಭೂತಿ ಕೊಟ್ಟೆವು. ಆ ತಾಯಿ ನಮಸ್ಕರಿಸಿ, ದಾಸೋಹದಲ್ಲಿ ಪ್ರಸಾದ ಮಾಡಿ, ಹೊರಡುವಾಗ ಮಠದ ಬೋರವೆಲ್ಲಿನಿಂದ ಎರಡು ಕೊಡ ನೀರು ತುಂಬಿಕೊಂಡು ಹೋದಳು. ಮಠದ ನೀರು ತಿಳಿಯಾಗಿತ್ತು, ಸಿಹಿಯಾಗಿತ್ತು. ಓಣಿಯವರೆಲ್ಲ ಅದನ್ನೇ ಒಯ್ಯುತ್ತಿದ್ದರು. ಭಕ್ತರು ಹಣ ಕೂಡಿಸಿ ಕೊರೆಸಿದ ಬೋರು ಅದು. ನೀರು ಬಂದ ದಿನ ನಾವೇ ಗಂಗಾಪೂಜೆ ಮಾಡಿ ಕಾಯಿ ಒಡೆದಿದ್ದೆವು.

ಆಮೇಲೆ ಒಂದು ಜಾತ್ರೆಯಲ್ಲಿ ನಮ್ಮ ಮಠದ ಭಕ್ತರಾದ ವೈದ್ಯರೊಬ್ಬರು ಪಂಗತಿಯಲ್ಲಿ ಬಡಿಸುತ್ತಿದ್ದರು. ಹೋಳಿಗೆ ಬಡಿಸಿದಾಗ ಮಕ್ಕಳು ನಕ್ಕರು. ವೈದ್ಯರು ಬಡಿಸುವುದನ್ನು ಬಿಟ್ಟು ನಿಂತುಬಿಟ್ಟರು. ಮಕ್ಕಳ ಹಲ್ಲುಗಳ ಮೇಲೆ ಹಳದಿ, ಕಂದು ಗೆರೆಗಳು ಅಡ್ಡವಾಗಿ ಎಳೆದಂತೆ ಇದ್ದವು. ಅವರು ನಮ್ಮ ಹತ್ತಿರ ಬಂದು ಒಂದೇ ಪ್ರಶ್ನೆ ಕೇಳಿದರು: "ಅಜ್ಜಾರ, ಈ ಮಕ್ಕಳು ಯಾವ ನೀರು ಕುಡಿಯುತ್ತಾರೆ?"

ನಾವು ಕಾಶಿಯಲ್ಲಿ ಓದುವಾಗ ಚರಕಸಂಹಿತೆಯನ್ನು ಸ್ವಲ್ಪಮಟ್ಟಿಗೆ ನೋಡಿದ್ದೆವು. ಅದರ ವಿಮಾನಸ್ಥಾನದ ಮೂರನೆಯ ಅಧ್ಯಾಯಕ್ಕೆ ಜನಪದೋದ್ಧ್ವಂಸನೀಯ ಎಂದು ಹೆಸರು. ಒಂದು ನಾಡಿಗೆ ನಾಡೇ ಹಾಳಾಗುವ ರೋಗಗಳ ವಿಚಾರ ಅಲ್ಲಿದೆ. ಬೇಸಿಗೆಯ ಕೊನೆ, ಪಾಂಚಾಲ ದೇಶದ ಕಾಂಪಿಲ್ಯದಲ್ಲಿ, ಗಂಗೆಯ ದಡದ ಕಾಡಿನಲ್ಲಿ ಗುರು ಆತ್ರೇಯರು ಶಿಷ್ಯ ಅಗ್ನಿವೇಶನೊಂದಿಗೆ ತಿರುಗಾಡುತ್ತಿರುತ್ತಾರೆ. ಶಿಷ್ಯ ಕೇಳುತ್ತಾನೆ: ಜನರ ಪ್ರಕೃತಿ ಬೇರೆ, ಆಹಾರ ಬೇರೆ, ಬಲ ಬೇರೆ, ವಯಸ್ಸು ಬೇರೆ, ಹಾಗಿರುವಾಗ ಒಂದೇ ರೋಗ ಎಲ್ಲರನ್ನೂ ಏಕೆ ಹಿಡಿಯುತ್ತದೆ? ಎಂಥ ಪ್ರಶ್ನೆ ನೋಡಿರಿ! ಗುರುಗಳ ಉತ್ತರ ಇಷ್ಟು: ಜನರಲ್ಲಿ ಉಳಿದದ್ದೆಲ್ಲ ಬೇರೆಯಾದರೂ ನಾಲ್ಕು ಸಂಗತಿಗಳು ಎಲ್ಲರಿಗೂ ಸಮಾನ. ವಾಯು, ಉದಕ, ದೇಶ, ಕಾಲ. ಬೀಸುವ ಗಾಳಿ, ಕುಡಿಯುವ ನೀರು, ಇರುವ ನೆಲ, ನಡೆಯುವ ಋತು. ರೋಗ ಊರಿನದಾದರೆ ಕಾರಣವನ್ನು ಈ ನಾಲ್ಕರಲ್ಲಿ ಹುಡುಕಬೇಕು.

ಈ ಪಾಠವನ್ನು ನಾವು ಬಾಯಿಪಾಠ ಮಾಡಿದ್ದೆವು, ಪರೀಕ್ಷೆಯಲ್ಲಿ ಬರೆದಿದ್ದೆವು. ಆದರೆ ಓಣಿಯ ಹತ್ತು ಮಂದಿ ಒಂದೇ ನೋವನ್ನು ಹೇಳಿಕೊಂಡು ನಮ್ಮ ಮುಂದೆ ಬಂದಾಗ ಅದು ನೆನಪಾಗಲಿಲ್ಲ. ಹತ್ತು ಮಂದಿಗೂ ಒಂದೇ ಪ್ರಾರಬ್ಧ ಇರಲು ಹೇಗೆ ಸಾಧ್ಯ ಎಂದು ನಾವು ಯೋಚಿಸಲಿಲ್ಲ. ಅವರಲ್ಲಿ ಸಮಾನವಾಗಿದ್ದುದು ಮಠದ ಬೋರಿನ ನೀರು. ವೈದ್ಯರು ಒಂದು ಬಾಟಲಿಯಲ್ಲಿ ಆ ನೀರನ್ನು ಒಯ್ದು ಪರೀಕ್ಷೆ ಮಾಡಿಸಿದರು. ಒಂದು ಲೀಟರಿನಲ್ಲಿ 3 ಮಿಲಿಗ್ರಾಮಿಗೂ ಹೆಚ್ಚು ಫ್ಲೋರೈಡ್ ಇತ್ತು.

ಫ್ಲೋರೈಡ್ ಎಂದರೇನು? ಅದು ಕಲ್ಲಿನಲ್ಲಿರುವ ಒಂದು ಲವಣಾಂಶ. ನೆಲದ ಆಳದಲ್ಲಿರುವ ಕೆಲವು ಜಾತಿಯ ಕಲ್ಲುಗಳಲ್ಲಿ ಅದು ಹುದುಗಿರುತ್ತದೆ. ನೀರು ಬಹುಕಾಲ ಆ ಕಲ್ಲಿನ ಸಂದುಗಳಲ್ಲಿ ನಿಂತರೆ ಅದು ಕರಗಿ ನೀರಿನಲ್ಲಿ ಇಳಿಯುತ್ತದೆ. ನಮ್ಮ ಹಿರಿಯರು ಕೆರೆ, ಹೊಂಡ, ತೆರೆದ ಬಾವಿಗಳ ನೀರು ಕುಡಿದವರು. ಇಲ್ಲಿಗೆ ಸಮೀಪದ ಸೂಡಿಯಲ್ಲಿ ಚಾಲುಕ್ಯರ ಕಾಲದ ನಾಗಕುಂಡವನ್ನು ನೀವೆಲ್ಲ ನೋಡಿದ್ದೀರಿ. ಮೆಟ್ಟಿಲಿಳಿದು ಕೊಡ ತುಂಬುವ ಹೊಂಡ. ಅಂಥ ಹೊಂಡಗಳಲ್ಲಿ ಮಳೆಯ ನೀರಿನ ಪಾಲು ಬಹಳ. ಆ ನೀರಿಗೆ ಬೇರೆ ದೋಷಗಳಿದ್ದವು. ವಾಂತಿಭೇದಿ, ನಾರುಹುಣ್ಣು ಅದರಿಂದಲೇ ಬರುತ್ತಿದ್ದವು. ಅದಕ್ಕಾಗಿಯೇ ಸರ್ಕಾರ ಹಳ್ಳಿಹಳ್ಳಿಗೂ ಬೋರವೆಲ್ ಕೊರೆಸಿತು. ಆ ರೋಗಗಳು ಕಡಿಮೆಯಾದವು, ಅದು ದೊಡ್ಡ ಉಪಕಾರ. ಆದರೆ ಆಳಕ್ಕೆ ಹೋದಷ್ಟೂ ಕಲ್ಲಿನ ಸಹವಾಸ ಹೆಚ್ಚಾಯಿತು. ಮುಂಡರಗಿ, ರೋಣ ಮೊದಲಾಗಿ ನಮ್ಮ ಗದಗ ಜಿಲ್ಲೆಯ ಅನೇಕ ಹಳ್ಳಿಗಳ ಬೋರುಗಳಲ್ಲಿ ಫ್ಲೋರೈಡ್ ಮಿತಿಮೀರಿ ಇದೆಯೆಂದು ಪರೀಕ್ಷೆಗಳು ತೋರಿಸಿವೆ. ಆ ನೀರಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಲ್ಲಿಯೂ ಭೇದವಿಲ್ಲ. ಸಿಹಿನೀರು ಎಂದು ನಂಬಿ ಕುಡಿಯುತ್ತೇವೆ.

ಅಲ್ಪ ಪ್ರಮಾಣದ ಫ್ಲೋರೈಡ್ ಹಲ್ಲಿಗೆ ಒಳ್ಳೆಯದೇ; ಅತಿಯಾದರೆ ಅದೇ ವಿಷ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಇರಬಹುದು, ಬೇರೆ ನೀರೇ ಸಿಗದಿದ್ದರೆ 1.5ರ ವರೆಗೆ ಸಹಿಸಬಹುದು ಎಂಬುದು ನಮ್ಮ ದೇಶದ ಕಟ್ಟಳೆ. ಅದನ್ನು ಮೀರಿದರೆ ಮೊದಲು ಮಕ್ಕಳ ಹಲ್ಲಿನಲ್ಲಿ ಕಾಣುತ್ತದೆ. 3ರಿಂದ 6ರಷ್ಟಿರುವ ನೀರನ್ನು ವರ್ಷಗಟ್ಟಲೆ ಕುಡಿದರೆ ಎಲುಬಿಗೆ ಇಳಿಯುತ್ತದೆ. ಬಿಸಿಲಲ್ಲಿ ದುಡಿದು ದಿನಕ್ಕೆ ತಂಬಿಗೆಗಟ್ಟಲೆ ನೀರು ಕುಡಿಯುವ ನಮ್ಮಂಥ ನಾಡಿನಲ್ಲಿ ಅದಕ್ಕಿಂತ ಕಡಿಮೆಯಿದ್ದರೂ ಬಾಧೆ ತಪ್ಪದು. ಮೈಯೊಳಗೆ ಹೋದ ಫ್ಲೋರೈಡಿನಲ್ಲಿ ಬಹುಭಾಗ ಮೂತ್ರದಲ್ಲಿ ಹೋಗುತ್ತದೆ. ಉಳಿದುದು ಎಲುಬು, ಹಲ್ಲುಗಳನ್ನು ಸೇರುತ್ತದೆ. ಆಮೇಲೆ ಎಲುಬನ್ನು ಎಲುಬಿಗೆ ಕಟ್ಟಿರುವ ನಾರುಗಳು ಸುಣ್ಣಗಟ್ಟಿ ಗಡುಸಾಗುತ್ತವೆ. ಹೊಸ ಬಾರುಕೋಲಿನ ತೊಗಲು ಬಾಗುತ್ತದೆ, ಒಣಗಿದ ತೊಗಲು ಬಾಗುವುದಿಲ್ಲ; ಹಾಗೆ. ಮೊದಲು ಟೊಂಕ, ಕುತ್ತಿಗೆ, ದೊಡ್ಡ ಕೀಲುಗಳಲ್ಲಿ ಬಿಗಿತ ಮತ್ತು ನೋವು. ಈ ಹಂತದಲ್ಲಿ ಫೋಟೋದಲ್ಲಿ ಏನೂ ಕಾಣದಿರಬಹುದು. ಏನೂ ಇಲ್ಲ ಎಂದು ವೈದ್ಯರು ಹೇಳಿದ್ದು ಸುಳ್ಳಲ್ಲ, ನೋವಿದೆ ಎಂದು ಸೊಸೆ ಹೇಳಿದ್ದೂ ಸುಳ್ಳಲ್ಲ. ಬಹಳ ವರ್ಷ ಕಳೆದರೆ ಬೆನ್ನೆಲುಬು ಒಂದೇ ಕೋಲಿನಂತಾಗಿ, ಅದರೊಳಗಿನ ನರ ಒತ್ತಿ ಕಾಲುಗಳ ಶಕ್ತಿಯೇ ಹೋಗಬಹುದು.

ನಮ್ಮ ದೇಶದಲ್ಲಿ ಈ ರೋಗವನ್ನು ಮೊದಲು ಗುರುತಿಸಿದ್ದು 1937ರಲ್ಲಿ, ಆಗಿನ ಮದರಾಸು ಪ್ರಾಂತದ ನೆಲ್ಲೂರು ಜಿಲ್ಲೆಯಲ್ಲಿ. ಅದಕ್ಕೂ ಮೊದಲೇ ಆ ಕಡೆಯ ರೈತರು ಒಂದು ವಿಚಿತ್ರ ಕಂಡಿದ್ದರು. ಗಳೇವು ಹೊಡೆಯುವ ಎತ್ತುಗಳು ಕೀಲು ಬಿಗಿದು ಹೆಜ್ಜೆಯಿಡಲು ಆಗದೆ ನಿಲ್ಲುತ್ತಿದ್ದವು. ಎತ್ತಿಗೆ ಸೋಗು ಬರುವುದಿಲ್ಲ, ತವರುಮನೆಯ ಹಂಬಲವೂ ಇಲ್ಲ. ಆದ್ದರಿಂದ ಅದರ ನೋವನ್ನು ಜನ ನಂಬಿದರು.

ಇಲ್ಲಿ ಇನ್ನೊಂದು ಸೂಕ್ಷ್ಮವನ್ನು ತಾಯಂದಿರು ಲಕ್ಷ್ಯಕೊಟ್ಟು ಕೇಳಬೇಕು. ಹಲ್ಲಿನ ಕಲೆ ಬೀಳುವುದು ಹಲ್ಲು ದವಡೆಯೊಳಗೆ ಬೆಳೆಯುವ ಕಾಲದಲ್ಲಿ, ಸುಮಾರು ಎಂಟು ವರ್ಷದೊಳಗೆ. ಹಲ್ಲು ಬೆಳೆದು ಮುಗಿದ ಮೇಲೆ ಎಂಥ ನೀರು ಕುಡಿದರೂ ಈ ಕಲೆ ಬೀಳದು. ನಮ್ಮ ಓಣಿಯ ಆ ಸೊಸೆ ಬೇರೆ ನೀರಿನಲ್ಲಿ ಬೆಳೆದು ಬಂದವಳು. ಅವಳ ಹಲ್ಲು ಮಲ್ಲಿಗೆಯಂತೆ ಬಿಳಿ, ಎಲುಬು ಮಾತ್ರ ಒಳಗೇ ಬಿಗಿಯುತ್ತಿತ್ತು. ಅವಳ ಹಲ್ಲು ನೋಡಿದವರಿಗೆ ರೋಗ ಕಾಣದು. ಅವಳ ಮಕ್ಕಳ ಹಲ್ಲು ನೋಡಿದರೆ ಕಾಣುತ್ತದೆ. ತಾಯಿಯ ನೋವಿಗೆ ಮಕ್ಕಳ ನಗೆಯೇ ಸಾಕ್ಷಿಯಾಗಿತ್ತು. ದಿನವೂ ಟೊಂಕದ ಮೇಲೆ ಕೊಡ ಹೊತ್ತು ತರುತ್ತಿದ್ದಳು. ಕೊಡದೊಳಗಿನ ನೀರೇ ಆ ಟೊಂಕವನ್ನು ಮುರಿಯುತ್ತಿತ್ತು. ಆ ನೀರನ್ನು ಕೊಟ್ಟದ್ದು ಮಠ. ಪ್ರಾರಬ್ಧ ಎಂದು ಹೇಳಿ ಕಳಿಸಿದ್ದು ನಾವು.

ಚರಕಸಂಹಿತೆಯ ಅದೇ ಅಧ್ಯಾಯ ಮುಂದೆ ಹೋಗಿ, ನೀರು ನೆಲ ಕೆಡುವುದಕ್ಕೂ ಮೂಲ ಅಧರ್ಮ ಎನ್ನುತ್ತದೆ. ನಾವು ಅದನ್ನು ಹೀಗೆ ತಿಳಿದುಕೊಂಡಿದ್ದೇವೆ: ತಿಳಿಯದೆ ಕೊಟ್ಟದ್ದು ತಪ್ಪು, ತಿಳಿದ ಮೇಲೂ ಕೊಟ್ಟರೆ ಅಧರ್ಮ. ಆ ವಾರವೇ ಮಠದ ಬೋರಿನ ನೀರನ್ನು ಕುಡಿಯುವುದಕ್ಕೆ, ಅಡಿಗೆಗೆ, ಪಾದೋದಕಕ್ಕೆ ನಿಲ್ಲಿಸಿದೆವು. ಅದೀಗ ತೊಳೆಯುವುದಕ್ಕೆ, ಗಿಡಗಳಿಗೆ ಮಾತ್ರ. ಮಠದ ಮಾಳಿಗೆಯ ಮಳೆನೀರು ಹಿಡಿಯಲು ತೊಟ್ಟಿ ಕಟ್ಟಿಸಿದೆವು. ಮಳೆಯ ನೀರಿನಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ. ಆ ಅತ್ತೆ ಸೊಸೆಯರನ್ನು ಕರೆಸಿ, ಸೊಸೆಯ ಮುಂದೆ ನಮ್ಮ ತಪ್ಪನ್ನು ಒಪ್ಪಿಕೊಂಡೆವು.

ಆಗ ನಡೆದುದನ್ನು ಕೇಳಿರಿ. ವೈದ್ಯರು ಸೊಸೆಗೆ ಮೂರು ಚಿಕ್ಕ ಪರೀಕ್ಷೆ ಮಾಡಿಸಿದರು. ಮೊಣಕಾಲು ಮಡಿಸದೆ ಬಾಗಿ ಕಾಲಬೆರಳು ಮುಟ್ಟುವುದು. ಗದ್ದವನ್ನು ಎದೆಗೆ ಮುಟ್ಟಿಸುವುದು. ಕೈಗಳನ್ನು ಚಾಚಿ, ಮಡಿಸಿ, ತಲೆಯ ಹಿಂಭಾಗ ಮುಟ್ಟುವುದು. ಸೊಸೆಗೆ ಮೊದಲನೆಯದು ಆಗಲಿಲ್ಲ. ಅತ್ತೆ ನೋಡುತ್ತ ನಿಂತಿದ್ದಳು. "ನೀವೂ ಮಾಡ್ರಿ ಅವ್ವಾರ" ಎಂದು ವೈದ್ಯರು ಕೇಳಿದರು. ಅತ್ತೆಗೆ ಮೂರೂ ಆಗಲಿಲ್ಲ. ಮೂವತ್ತು ವರ್ಷದ ನೋವನ್ನು ಅವಳು ವಯಸ್ಸು ಎಂದುಕೊಂಡು ನುಂಗಿದ್ದಳು. ತಾನು ನುಂಗಿದ್ದನ್ನು ಸೊಸೆ ಏಕೆ ನುಂಗಬಾರದು ಎಂಬುದೇ ಅವಳ ಸಿಟ್ಟಿನ ಮೂಲವಾಗಿತ್ತು. ಅವಳು ಅಂದಳು: "ನಂದೂ ಇದಽ ಏನ್ರಿ?" ಅಷ್ಟೇ. ಆ ಮನೆಯಲ್ಲಿ ಆಮೇಲೆ ಸೋಗಿನ ಮಾತು ಬರಲಿಲ್ಲ.

ಈ ಮೂರು ಚೇಷ್ಟೆಗಳನ್ನು ನೀವೂ ಮನೆಯಲ್ಲಿ ಮಾಡಿ ನೋಡಬಹುದು. ಬಾರದಿದ್ದರೆ ಫ್ಲೋರೈಡಿನದೇ ರೋಗ ಎಂದು ತಾವೇ ತೀರ್ಮಾನಿಸಬೇಡಿರಿ. ಅದು ಸಂಶಯ ಮಾತ್ರ. ನಿರ್ಣಯಕ್ಕೆ ನೀರಿನ ಪರೀಕ್ಷೆ, ಮೂತ್ರದ ಪರೀಕ್ಷೆ, ಮುಂಗೈ ಎಲುಬಿನ ಫೋಟೋ ಬೇಕಾಗುತ್ತವೆ. ಕೇಂದ್ರ ಸರ್ಕಾರ 2008-09ರಲ್ಲಿ ಈ ರೋಗದ ತಡೆಗೆಂದೇ ಒಂದು ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿತು. ಸರ್ಕಾರಿ ಆಸ್ಪತ್ರೆಯಲ್ಲಿ ಕೇಳುವುದಕ್ಕೆ ಸಂಕೋಚಪಡಬೇಡಿರಿ.

ಇನ್ನು ಚಿಕಿತ್ಸೆಯ ಮಾತು. ಸುಶ್ರುತಾಚಾರ್ಯರು ಚಿಕಿತ್ಸೆಯ ಸಂಕ್ಷೇಪವನ್ನು ನಿದಾನಪರಿವರ್ಜನ ಎಂದು ಹೇಳಿದ್ದಾರೆ. ನಮ್ಮ ಕನ್ನಡದ ನಿಧಾನ ಎಂದರೆ ಮೆಲ್ಲಗೆ. ಸಂಸ್ಕೃತದ ನಿದಾನ ಎಂದರೆ ಕಾರಣ. ಕಾರಣವನ್ನು ಬಿಡುವುದೇ ಮೊದಲ ಔಷಧ. ಒಂದು ಕೈಯಿಂದ ಗುಳಿಗೆ, ಇನ್ನೊಂದು ಕೈಯಿಂದ ಅದೇ ನೀರು ಕುಡಿದರೆ ಏನು ಫಲ? ಆದ್ದರಿಂದ ಕುಡಿಯುವುದಕ್ಕೂ ಅಡಿಗೆಗೂ ಶುದ್ಧವೆಂದು ಪರೀಕ್ಷೆಯಾದ ನೀರನ್ನೇ ಬಳಸಬೇಕು. ಇಲ್ಲಿ ಒಂದು ತಪ್ಪು ತಿಳಿವಳಿಕೆಯಿದೆ. ನೀರು ಕಾಸಿದರೆ ಎಲ್ಲ ದೋಷವೂ ಹೋಗುತ್ತದೆ ಎಂದುಕೊಂಡಿದ್ದೇವೆ. ಕಾಸಿದರೆ ರೋಗಾಣು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಹೋದಷ್ಟು ಉಳಿದದ್ದರಲ್ಲಿ ಅದು ಇನ್ನೂ ದಟ್ಟವಾಗುತ್ತದೆ. ಅರಿವೆಯಲ್ಲಿ ಸೋಸಿದರೂ ಹೋಗದು. ನಾಗಪುರದ ನೀರಿ ಸಂಸ್ಥೆಯವರು ಫಟಕ, ಸುಣ್ಣ ಹಾಕಿ ಫ್ಲೋರೈಡ್ ಇಳಿಸುವ ಕ್ರಮವನ್ನು ಕಂಡುಹಿಡಿದಿದ್ದಾರೆ. ನಲಗೊಂಡ ಪದ್ಧತಿ ಎಂದು ಅದರ ಹೆಸರು. ಆದರೆ ಅದರಲ್ಲಿ ಅಳತೆ ಮುಖ್ಯ. ತಿಳಿದವರಿಲ್ಲದೆ ಮನೆಯಲ್ಲಿ ಅಂದಾಜಿನಿಂದ ಮಾಡತಕ್ಕದ್ದಲ್ಲ. ಹಳ್ಳಿಗಳ ಶುದ್ಧ ಕುಡಿಯುವ ನೀರಿನ ಘಟಕಗಳು ಫ್ಲೋರೈಡನ್ನು ತೆಗೆಯುತ್ತವೆ, ಯಂತ್ರವನ್ನು ಸರಿಯಾಗಿ ನೋಡಿಕೊಂಡರೆ ಮಾತ್ರ. ನವಿಲುತೀರ್ಥದ ಜಲಾಶಯದಿಂದ ಮಲಪ್ರಭೆಯ ನೀರೂ ಕೊಳವೆಯಲ್ಲಿ ನಮ್ಮ ಭಾಗಕ್ಕೆ ಬರುತ್ತಿದೆ. ಹೊಳೆಯ ನೀರಿನಲ್ಲಿ ಫ್ಲೋರೈಡ್ ಕಡಿಮೆ. ನಳದ ನೀರು ಬಾರದ ದಿನ ಮತ್ತೆ ಬೋರಿಗೆ ಓಡುತ್ತೇವಲ್ಲ, ಆ ದಿನಗಳಿಗಾಗಿ ಕುಡಿಯುವಷ್ಟು ನೀರನ್ನು ಮುಚ್ಚಿ ಇಟ್ಟುಕೊಳ್ಳಬೇಕು.

ಆಹಾರದಲ್ಲಿ ಸುಣ್ಣದ ಅಂಶವೂ ಹುಳಿಹಣ್ಣಿನ ಸತ್ವವೂ ಇರಬೇಕು. ಹಾಲು, ಮೊಸರು, ಮಜ್ಜಿಗೆ, ಎಳ್ಳು, ನುಗ್ಗೆಸೊಪ್ಪು, ನೆಲ್ಲಿಕಾಯಿ, ಲಿಂಬಿ, ಪೇರಲ. ಇವೆಲ್ಲ ನಮ್ಮ ಹಿತ್ತಲಲ್ಲಿಯೇ ಸಿಗುವಂಥವು. ಹಾಲಿಲ್ಲದ ಕಡು ಚಹಾದಲ್ಲಿ, ಕರಿ ಉಪ್ಪಿನಲ್ಲಿ ಫ್ಲೋರೈಡ್ ಇರುವುದರಿಂದ ಅವನ್ನು ಕಡಿಮೆಮಾಡಬೇಕು. ಎಲುಬು ತಾನು ಹಿಡಿದಿಟ್ಟುದನ್ನು ಒಂದು ದಿನದಲ್ಲಿ ಬಿಡುವುದಿಲ್ಲ, ವರ್ಷಗಳೇ ಬೇಕು. ಮೊದಲ ಹಂತದ ನೋವು ಬಿಗಿತ ಇಳಿಯುತ್ತವೆ. ಸುಣ್ಣಗಟ್ಟಿ ಬಲಿತ ನಾರು ಮತ್ತೆ ಮೊದಲಿನಂತಾಗದು. ಆ ಸೊಸೆ ಈಗ ಬಗ್ಗಿ ಕಸ ಹೊಡೆಯುತ್ತಾಳೆ, ಹೊಲಕ್ಕೆ ಹೋಗುತ್ತಾಳೆ. ನೋವು ಪೂರ್ತಿ ಹೋಗಿಲ್ಲ. ಅತ್ತೆಯ ಬೆನ್ನು ಹಾಗೆಯೇ ಇದೆ. ಆದರೆ ಆ ಮನೆಯ ಕೊನೆಯ ಮಗುವಿಗೆ ಹೊಸದಾಗಿ ಮೂಡಿದ ಹಲ್ಲು ಬೆಳ್ಳಗಿವೆ.

ಇಷ್ಟು ಕೇಳಿ, ನಮ್ಮ ಟೊಂಕನೋವೆಲ್ಲ ನೀರಿನಿಂದಲೇ ಎಂದು ಇಲ್ಲಿಂದ ಎದ್ದು ಹೋಗಬೇಡಿರಿ. ಅದು ಇನ್ನೊಂದು ಸಿದ್ಧ ಉತ್ತರವಾದೀತು. ಶಿವಮೊಗ್ಗ ಜಿಲ್ಲೆಯ ಸಾಗರ ತಾಲೂಕಿನಲ್ಲಿ ಹಂದಿಗೋಡು ಎಂಬ ಹಳ್ಳಿಯಿದೆ. 1970ರ ದಶಕದ ನಡುವಿನಲ್ಲಿ ಅಲ್ಲಿಯ ಬಡ ದಲಿತ ಕುಟುಂಬಗಳಲ್ಲಿ ಸೊಂಟದ ಕೀಲು, ಮೊಣಕಾಲು ನೋವಿನ ಒಂದು ರೋಗ ಕಂಡಿತು. ಜನ ಕುಂಟರಾದರು, ಕೆಲವರು ತೆವಳುವಂತಾದರು. ಗದ್ದೆಗೆ ಹೊಡೆದ ವಿಷದಿಂದ, ಆ ಗದ್ದೆಯ ಏಡಿ ತಿಂದದ್ದರಿಂದ ಎಂದು ಮೊದಲು ಸಂಶಯಪಟ್ಟರು. ಬಹಳ ವರ್ಷಗಳ ಶೋಧನೆಯ ಮೇಲೆ ಅದು ಕುಟುಂಬದಲ್ಲಿ ತಲೆಮಾರಿನಿಂದ ತಲೆಮಾರಿಗೆ ಇಳಿದುಬರುವ ಎಲುಬಿನ ದೋಷ ಎಂದು ತಿಳಿದುಬಂತು. ಅಲ್ಲಿ ನೀರು ಕಾರಣವಲ್ಲ, ಏಡಿಯೂ ಅಲ್ಲ. ಕಾರಣ ತಿಳಿಯದ ಆ ವರ್ಷಗಳಲ್ಲಿಯೂ ಅವರ ನೋವು ನಿಜವಾಗಿತ್ತು. ಕಾರಣ ತಿಳಿದ ಮೇಲೆಯೂ ಅದನ್ನು ಬೇರುಸಹಿತ ಕೀಳುವ ಔಷಧ ಸಿಕ್ಕಿಲ್ಲ.

ಬೇರೆ ಕಾರಣಗಳೂ ಉಂಟು. ಹರೆಯದ ಹುಡುಗರಿಗೆ ಮುಂಜಾನೆ ಟೊಂಕ ಬಿಗಿದು, ಮಲಗಿದರೆ ಹೆಚ್ಚಾಗಿ, ತಿರುಗಾಡಿದರೆ ಕಡಿಮೆಯಾಗುತ್ತಿದ್ದರೆ ಅದೊಂದು ಬೇರೆ ಜಾತಿಯ ಸಂಧಿವಾತ. ಅದಕ್ಕೆ ಈಗ ಒಳ್ಳೆಯ ಔಷಧಗಳಿವೆ. ದನ, ಆಡು, ಕುರಿ ಸಾಕುವವರಿಗೆ, ಹಸಿ ಹಾಲು ಕುಡಿಯುವವರಿಗೆ ಬಂದು ಬಂದು ಹೋಗುವ ಜ್ವರದೊಂದಿಗೆ ಟೊಂಕ, ಕೀಲು ನೋಯುತ್ತಿದ್ದರೆ ಬ್ರುಸೆಲ್ಲಾ ಎಂಬ ರೋಗಾಣುವಿನ ಬಾಧೆಯಿರಬಹುದು. ಕ್ಷಯವು ಬೆನ್ನೆಲುಬಿಗೆ ತಗಲಿದರೂ ನೋವಿನಿಂದಲೇ ಸುರುವಾಗುತ್ತದೆ. ಆದ್ದರಿಂದ ಕೆಲವು ಗುರುತುಗಳನ್ನು ನೆನಪಿಡಿರಿ. ಟೊಂಕನೋವಿನೊಂದಿಗೆ ಜ್ವರ, ಮೈ ಇಳಿಯುವುದು, ರಾತ್ರಿ ನಿದ್ದೆಗೆಡಿಸುವ ನೋವು, ಬಿದ್ದು ಪೆಟ್ಟಾದ ಮೇಲಿನ ನೋವು ಇದ್ದರೆ ತಡಮಾಡದೆ ದವಾಖಾನೆಗೆ ಹೋಗಬೇಕು. ಕಾಲಿನ ಶಕ್ತಿ ಹೋಗುತ್ತಿದ್ದರೆ, ಕುಳಿತುಕೊಳ್ಳುವ ಜಾಗ ಜೋಮು ಹಿಡಿದರೆ, ಮಲಮೂತ್ರದ ಹಿಡಿತ ತಪ್ಪಿದರೆ ಅದೇ ದಿನ ಹೋಗಬೇಕು.

ಇನ್ನು ಎಲ್ಲ ನೋಡಿಯೂ ಕಾರಣ ಸಿಗದ ನೋವು. ಅಂಥವರು ಕೋಟಿಗಟ್ಟಲೆ ಇದ್ದಾರೆ. 2020ರಲ್ಲಿ ಜಗತ್ತಿನಲ್ಲಿ ಸುಮಾರು 61.9 ಕೋಟಿ ಜನರಿಗೆ ಟೊಂಕನೋವು ಇತ್ತೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅವರಲ್ಲಿ ನೂರಕ್ಕೆ ತೊಂಬತ್ತು ಮಂದಿಗೆ ಇದೇ ಕಾರಣ ಎಂದು ಬೆರಳಿಟ್ಟು ತೋರಿಸಲು ಆಗುವುದಿಲ್ಲ. ಗುಡಿಯ ಗಂಟೆಯನ್ನು ಒಮ್ಮೆ ಜೋರಾಗಿ ಬಡಿದರೆ ಕೈ ತೆಗೆದ ಮೇಲೂ ನಾದ ನಿಲ್ಲುವುದಿಲ್ಲ. ಹಾಗೆಯೇ ಬಹುಕಾಲ ನೋವುಂಡ ನರಗಳು ಮೂಲದ ಪೆಟ್ಟು ಮಾಯ್ದ ಮೇಲೂ ನೋವನ್ನೇ ನುಡಿಯುತ್ತಿರುತ್ತವೆ. ಇದು ಸೋಗಲ್ಲ, ಭ್ರಮೆಯೂ ಅಲ್ಲ.

ಅಂಥವರು ಹೇಗೆ ಬದುಕಬೇಕು? ನಾವೂ ಇವರಲ್ಲಿ ಒಬ್ಬರೇ. ಐವತ್ತು ದಾಟಿದ ಮೇಲೆ ನಮಗೂ ಟೊಂಕ ಹಿಡಿಯಿತು. ಒಂದು ತಾಸು ಪದ್ಮಾಸನದಲ್ಲಿ ಕೂಡ್ರುತ್ತಿದ್ದ ನಾವು ಕಾಲುತಾಸಿಗೆ ಏಳುವಂತಾಯಿತು. ಮೊದಲು ಹಾಸಿಗೆ ಹಿಡಿದೆವು. ಮಲಗಿದಷ್ಟೂ ಬಿಗಿತ ಹೆಚ್ಚಿತು. ಸದಾ ಮಲಗುವುದು ಮದ್ದಲ್ಲ, ಸಾಧ್ಯವಾದಷ್ಟು ತಿರುಗಾಡಬೇಕೆಂದು ವೈದ್ಯರು ಹೇಳಿದರು. ಈಗ ನಾವು ಪೂಜೆಯನ್ನು ಎರಡು ಪಾಲು ಮಾಡಿದ್ದೇವೆ, ನಡುವೆ ಎದ್ದು ಅಂಗಳ ಸುತ್ತುತ್ತೇವೆ. ಎತ್ತರದ ಮಣೆಯ ಮೇಲೆ ಕುಳಿತುಕೊಳ್ಳುತ್ತೇವೆ. ಕೆಲಸವನ್ನೂ ಹೀಗೆಯೇ ಪಾಲು ಮಾಡಬೇಕು. ನೋವಿಲ್ಲದ ದಿನ ಹತ್ತು ಸಾಲು ಕಳೆ ತೆಗೆದು ಮರುದಿನದಿಂದ ನಾಲ್ಕು ದಿನ ಮಲಗುವುದಕ್ಕಿಂತ ದಿನಾಲೂ ಮೂರು ಸಾಲು ತೆಗೆಯುವುದು ಲೇಸು. ದೊಡ್ಡ ಕೊಡ ಒಂದರ ಬದಲು ಚಿಕ್ಕ ಕೊಡ ಎರಡು ಸಲ. ಬಿಸಿನೀರಿನ ಕಾವು ಹಿತ ಕೊಡುತ್ತದೆ. ನಿದ್ದೆ ಕೆಡಬಾರದು. ಸಂತೆಯಲ್ಲಿ ಹೆಸರಿಲ್ಲದ ಪುಡಿ, ಹೆಸರಿಲ್ಲದ ಗುಳಿಗೆ ಮಾರುವವರಿಂದ ದೂರವಿರಿ. ತಿಂದ ದಿನ ಹಗುರವೆನಿಸುತ್ತದೆ. ಅಂಥವುಗಳಲ್ಲಿ ಏನು ಬೆರೆಸಿರುತ್ತಾರೋ ಬಲ್ಲವರಾರು? ನೋವಿನ ಗುಳಿಗೆಗಳನ್ನು ವೈದ್ಯರಿಗೆ ಕೇಳದೆ ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆ, ಮೂತ್ರಪಿಂಡಗಳು ಕೆಡುತ್ತವೆ.

ಚರಕರು ಚಿಕಿತ್ಸೆಯನ್ನು ಮೂರು ವಿಧವೆಂದು ಹೇಳಿದ್ದಾರೆ. ದೈವವ್ಯಪಾಶ್ರಯ, ಅಂದರೆ ಜಪ, ಪೂಜೆ, ಹರಕೆ. ಯುಕ್ತಿವ್ಯಪಾಶ್ರಯ, ಅಂದರೆ ವಿಚಾರಮಾಡಿ ಕೊಡುವ ಆಹಾರ, ಔಷಧ. ಸತ್ವಾವಜಯ, ಅಂದರೆ ಮನಸ್ಸನ್ನು ಕೆಡದಂತೆ ಹಿಡಿಯುವುದು. ಮೂರೂ ಬೇಕು. ಆದರೆ ಯುಕ್ತಿಯ ಜಾಗದಲ್ಲಿ ದೈವವನ್ನು ಕೂಡ್ರಿಸಬಾರದು. ಪೂಜೆ ಮಾಡಿರಿ, ವಿಭೂತಿ ಧರಿಸಿರಿ. ಕೊಡದ ನೀರನ್ನೂ ಪರೀಕ್ಷೆ ಮಾಡಿಸಿರಿ. ಸತ್ವಾವಜಯ ನೋಯುವವರ ಹೊಣೆ ಮಾತ್ರವೆಂದೂ ತಿಳಿಯಬೇಡಿರಿ. ನಂಬುವ ಒಬ್ಬರು ಮನೆಯಲ್ಲಿದ್ದರೆ ಅರ್ಧ ನೋವು ಇಳಿಯುತ್ತದೆ. ಸುಳ್ಳು ಹೇಳುತ್ತೀ ಎಂದರೆ ಎರಡು ನೋವಾಗುತ್ತದೆ: ಒಂದು ಟೊಂಕದಲ್ಲಿ, ಒಂದು ಎದೆಯಲ್ಲಿ.

ಸವಡಿಯ ನೀರು ಹೇಗಿದೆ ಅಜ್ಜಾರೆ ಎಂದು ನೀವು ಕೇಳುವಿರಿ. ಅದನ್ನು ನಾವು ಹೇಳಬಾರದು, ಪರೀಕ್ಷೆ ಹೇಳಬೇಕು. ಒಂದು ಬೋರಿನಂತೆ ಪಕ್ಕದ ಬೋರು ಇರುವುದಿಲ್ಲ. ಮಳೆಗಾಲದಂತೆ ಬೇಸಿಗೆಯಲ್ಲಿ ಇರುವುದಿಲ್ಲ. 2019ರಲ್ಲಿ ಆರಂಭವಾದ ಜಲಜೀವನ ಮಿಷನ್ನಿನಲ್ಲಿ ಹಳ್ಳಿಯ ಹೆಣ್ಣುಮಕ್ಕಳಿಗೇ ನೀರಿನ ಪರೀಕ್ಷೆ ಕಲಿಸುವ, ಪರೀಕ್ಷೆಯ ಪೆಟ್ಟಿಗೆ ಕೊಡುವ ಏರ್ಪಾಡು ಮಾಡಿದ್ದಾರೆ. ನಿಮ್ಮ ಗ್ರಾಮ ಪಂಚಾಯಿತಿಗೆ ಹೋಗಿ ಕೇಳಿರಿ. ಸಂಶಯ ಬಂದರೆ ಜಿಲ್ಲಾ ಪ್ರಯೋಗಾಲಯಕ್ಕೆ ಕಳಿಸಿರಿ. ಯಾವ ಬೋರಿನ ನೀರು ಕುಡಿಯತಕ್ಕದ್ದಲ್ಲ ಎಂದು ತಿಳಿಯಿತೋ ಅದಕ್ಕೆ ಕೆಂಪು ಬಣ್ಣ ಬಳಿಯಿರಿ. ಅದು ಗೌಡರ ಹೊಲದ್ದಾಗಲಿ, ಗುಡಿಯದಾಗಲಿ, ಮಠದ್ದಾಗಲಿ, ಬಣ್ಣ ಒಂದೇ ಇರಲಿ.

ನಾಳೆ ಪ್ರವಚನಕ್ಕೆ ಬರುವಾಗ ಓಣಿಗೆ ಒಂದರಂತೆ ಬಾಟಲಿಯಲ್ಲಿ ನೀವು ಕುಡಿಯುವ ನೀರನ್ನು ತನ್ನಿರಿ. ಯಾವ ಬೋರು, ಯಾವ ಓಣಿ ಎಂದು ಚೀಟಿ ಅಂಟಿಸಿರಿ. ಪರೀಕ್ಷೆಗೆ ಕಳಿಸುವ ಹೊಣೆ ಮಠದ್ದು. ಇಂದು ಮಂಗಳಾರತಿಯ ಮೇಲೆ ಏಳುವಾಗ ಅವಸರ ಮಾಡಬೇಡಿರಿ. ಪಕ್ಕದಲ್ಲಿ ಕಷ್ಟಪಟ್ಟು ಏಳುವವರಿದ್ದರೆ ಅವರಿಗೆ ಕೈಕೊಟ್ಟು ಎಬ್ಬಿಸಿರಿ. ಇಷ್ಟು ಹೇಳಿ ಇಂದಿನ ಮಾತಿಗೆ ಮಂಗಳ ಹಾಡುತ್ತೇವೆ.